ಪಾರ್ಕಿನ್ಸನ್ ಕಂಡ ನಡುಕ, ಕಣ್ಣಿಗೆ ಬೀಳದ ದಣಿವು

ಶಿವಾಜಿನಗರದ ಮಾರುಕಟ್ಟೆಯಲ್ಲೋ ಹಲಸೂರು ಕೆರೆಯ ಬಳಿಯೋ ಮುಂದಕ್ಕೆ ಬಾಗಿ, ಪುಟ್ಟ ಹೆಜ್ಜೆಯಿಡುತ್ತ ಸಾಗುವ ಹಿರಿಯರ ಕೈ ನಡುಗುತ್ತಿದ್ದರೆ, ಅದು ಪಾರ್ಕಿನ್ಸನ್ ಕಾಯಿಲೆ ಇರಬಹುದೆಂದು ಇಂದು ಹಲವರು ಊಹಿಸುತ್ತಾರೆ. ಈ ಲಕ್ಷಣಗಳನ್ನು ಒಂದೇ ರೋಗವಾಗಿ ಗುರುತಿಸಿ ವಿವರಿಸಿದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್.

1755ರ ಏಪ್ರಿಲ್ 11ರಂದು ಹಾಕ್ಸ್‌ಟನ್‌ನಲ್ಲಿ ಜನಿಸಿದ ಅವರು ತಂದೆಯಂತೆ ವೈದ್ಯವೃತ್ತಿಯನ್ನೇ ಹಿಡಿದರು. ರಾಜಕೀಯ ಸುಧಾರಣೆಗಾಗಿ ಗುಪ್ತನಾಮದಲ್ಲಿ ಕರಪತ್ರಗಳನ್ನು ಬರೆದರು. ದೊರೆ ಮೂರನೇ ಜಾರ್ಜ್ ಹತ್ಯೆಯ ಸಂಚಿನ ಆರೋಪಕ್ಕೆ ಸಂಬಂಧಿಸಿದಂತೆ 1794ರಲ್ಲಿ ಪ್ರಿವಿ ಕೌನ್ಸಿಲ್ ಅವರನ್ನು ವಿಚಾರಿಸಿತ್ತು. ಪಳೆಯುಳಿಕೆಗಳ ಬಗ್ಗೆ ಮೂರು ಸಂಪುಟಗಳನ್ನು ರಚಿಸಿದ ಅವರು, 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಸ್ಥಾಪಕರಲ್ಲಿ ಒಬ್ಬರಾದರು.

ಇತ್ತ ಬೆಂಗಳೂರಿನ ದಂಡು ಪ್ರದೇಶ ಇನ್ನೂ ಹೊಸದಾಗಿದ್ದ ಕಾಲದಲ್ಲಿ, 1817ರಲ್ಲಿ, ನಡುಕದ ಪಾರ್ಶ್ವವಾಯು ಕುರಿತ ಅವರ ಪ್ರಬಂಧ ಪ್ರಕಟವಾಯಿತು. ಅದಕ್ಕೆ ಆಧಾರ ಕೇವಲ ಆರು ಮಂದಿ. ಅವರಲ್ಲಿ ಕೆಲವರು ಬೀದಿಯಲ್ಲಿ ಎದುರಾದವರು. ಒಬ್ಬರನ್ನಂತೂ ದೂರದಿಂದ ಕಂಡದ್ದಷ್ಟೇ. ರೋಗ ಸಣ್ಣ ನಿಶ್ಶಕ್ತಿಯೊಂದಿಗೆ ಮೆಲ್ಲಗೆ ಆರಂಭವಾಗುವುದನ್ನೂ ಅವರು ದಾಖಲಿಸಿದ್ದರು. ಆದರೆ ಪ್ರಬಂಧದ ಹೆಸರಿನಲ್ಲಿ ಉಳಿದದ್ದು ನಡುಕವೇ. 1824ರ ಡಿಸೆಂಬರ್ 21ರಂದು ಅವರು ನಿಧನರಾದರು. ಮುಂದೆ ಫ್ರಾನ್ಸಿನ ನರರೋಗ ತಜ್ಞ ಶಾರ್ಕೋ ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನೇ ಇಟ್ಟರು.

ಬೀದಿಯಲ್ಲಿ ನಿಂತು ನೋಡಿದರೆ ಕಾಣದ ಒಂದು ಲಕ್ಷಣವಿದೆ. ಅದು ದಣಿವು. ಇಂದಿನ ಅಧ್ಯಯನಗಳ ಪ್ರಕಾರ ಸುಮಾರು ಅರ್ಧದಷ್ಟು ರೋಗಿಗಳನ್ನು ಇದು ಕಾಡುತ್ತದೆ. ಕೆಲವರಲ್ಲಿ ನಡುಕಕ್ಕೂ ಮೊದಲೇ ಕಾಣಿಸಿಕೊಳ್ಳುತ್ತದೆ. ಇದು ನಿದ್ದೆಯ ಮಂಪರಲ್ಲ. ವಿಶ್ರಾಂತಿ ಪಡೆದರೂ ಪೂರ್ತಿ ನೀಗುವುದಿಲ್ಲ. ಸ್ನಾನ ಮಾಡಿ ಬಟ್ಟೆ ತೊಡುವಷ್ಟರಲ್ಲೇ ದಿನದ ಶಕ್ತಿ ಮುಗಿದಂತಾಗಬಹುದು. ಡೋಪಮಿನ್ ಕೊರತೆ ನೀಗಿಸುವ ಲೆವೊಡೋಪಾ ಚಲನೆಯನ್ನು ಸುಧಾರಿಸಿದರೂ ದಣಿವು ಹಾಗೆಯೇ ಉಳಿಯುವುದುಂಟು.

ಇಂಥವರನ್ನು ಮನೆಯವರು ಸೋಮಾರಿ ಎಂದುಕೊಳ್ಳುವುದು, ವಯಸ್ಸಾಯಿತೆಂದು ಸುಮ್ಮನಾಗುವುದು ಸಾಮಾನ್ಯ. ಆದರೆ ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರಾಹೀನತೆಗಳೂ ದಣಿವಿಗೆ ಕಾರಣವಾಗಬಲ್ಲವು, ಅವುಗಳಿಗೆ ಚಿಕಿತ್ಸೆಯಿದೆ. ಮಿತವಾದ ವ್ಯಾಯಾಮ, ದಿನದ ಕೆಲಸಗಳ ನಡುವೆ ಬಿಡುವು ಹಲವರಿಗೆ ನೆರವಾಗುತ್ತವೆ.

ಪಾರ್ಕಿನ್ಸನ್ ಅವರ ಜನ್ಮದಿನವಾದ ಏಪ್ರಿಲ್ 11 ಇಂದು ವಿಶ್ವ ಪಾರ್ಕಿನ್ಸನ್ ದಿನ. ನಡುಕವನ್ನು ವೈದ್ಯರು ಕಣ್ಣಾರೆ ಕಾಣಬಲ್ಲರು. ದಣಿವನ್ನು ಮಾತ್ರ ರೋಗಿಯೇ ಹೇಳಬೇಕು, ಕೇಳಿದವರು ನಂಬಬೇಕು.