ಮರ್ಲಿನ್ ಎಂಜಿನ್ನಿನ ಉಸಿರು ಕಾಯ್ದ ಬಿಯಾಟ್ರಿಸ್ ಶಿಲ್ಲಿಂಗ್

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಬಾನೆಟ್ ಎತ್ತಿ ಬಗ್ಗಿ ನಿಂತವರಿಗೆ ಕಾರ್ಬ್ಯುರೇಟರ್ ಅಪರಿಚಿತವಲ್ಲ. ಎಂಜಿನ್ ತಡವರಿಸಿದೊಡನೆ ಪೆಟ್ರೋಲ್ ಸಾಲುತ್ತಿಲ್ಲವೆಂದು ಬಗೆದು ಇನ್ನಷ್ಟು ಬಲವಾದ ಪಂಪು ಕೂರಿಸಲು ಹೊರಡುವುದು ಸಹಜ. ಆದರೆ ಎಂಜಿನ್ ಹಸಿವಿನಿಂದ ನಿಲ್ಲುವಂತೆಯೇ ಅಜೀರ್ಣದಿಂದಲೂ ನಿಲ್ಲುತ್ತದೆ. ಎರಡನೆಯ ಮಹಾಯುದ್ಧದ ನಡುವೆ, ಬ್ರಿಟನ್ನಿನ ಯುದ್ಧವಿಮಾನಗಳ ಎಂಜಿನ್ನುಗಳು ಆಕಾಶದಲ್ಲಿ ಉಸಿರುಗಟ್ಟುತ್ತಿದ್ದಾಗ, ಈ ಅಜೀರ್ಣಕ್ಕೆ ಒಂದು ಹಿತ್ತಾಳೆಯ ಚೂರಿನಿಂದ ಮದ್ದು ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್.

1909ರ ಮಾರ್ಚ್ 8ರಂದು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ವಾಟರ್ಲೂವಿಲ್ ಎಂಬ ಊರಿನಲ್ಲಿ ಆಕೆ ಹುಟ್ಟಿದರು. ತಂದೆ ಮಾಂಸದ ವ್ಯಾಪಾರಿ. ಮನೆಯಲ್ಲಿ ಎಂಜಿನಿಯರುಗಳ ಪರಂಪರೆಯೇನೂ ಇರಲಿಲ್ಲ. ಆದರೂ ಹುಡುಗಿಯ ಕೈ ಸದಾ ಉಪಕರಣಗಳ ಕಡೆಗೇ ಹೋಗುತ್ತಿತ್ತು. ಹದಿನಾಲ್ಕರ ವಯಸ್ಸಿಗೆ ಒಂದು ಮೋಟಾರ್ ಸೈಕಲ್ ಕೊಂಡು ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತಳು. ಶಾಲೆ ಮುಗಿದ ಬಳಿಕ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಎಂಜಿನಿಯರರ ಬಳಿ ವಿದ್ಯುತ್ ಕೆಲಸಕ್ಕೆ ಸೇರಿದಳು. ಹಳ್ಳಿಗಳಿಗೆ ತಂತಿ ಎಳೆದು ದೀಪ ಹಚ್ಚುವ ಕೆಲಸ ಅದು. ವಿಶ್ವವಿದ್ಯಾಲಯದ ಬಾಗಿಲು ತಟ್ಟಲು ಹುರಿದುಂಬಿಸಿದವರೂ ಪಾರ್ಟ್ರಿಜ್ ಅವರೇ. ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ತರಗತಿಗೆ ಹುಡುಗಿಯರು ಬರುವುದೇ ವಿಶೇಷವಾಗಿದ್ದ ದಿನಗಳಲ್ಲಿ ಶಿಲ್ಲಿಂಗ್ 1932ರಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದರು. ಮರುವರ್ಷವೇ ಮೆಕ್ಯಾನಿಕಲ್ ವಿಭಾಗದಲ್ಲಿ ಸ್ನಾತಕೋತ್ತರ ಪದವಿಯೂ ಬಂತು.

ಓದಿನ ಜೊತೆಗೆ ವೇಗದ ಹುಚ್ಚು. ಲಂಡನ್ನಿಗೆ ಸಮೀಪದ ಬ್ರೂಕ್‌ಲ್ಯಾಂಡ್ಸ್ ಆಗ ಮೋಟಾರು ಸ್ಪರ್ಧೆಗಳ ತವರು. ಅಲ್ಲಿನ ಕಾಂಕ್ರೀಟ್ ಓಟದ ಹಾದಿಯಲ್ಲಿ 1934ರಲ್ಲಿ ತಮ್ಮ ನಾರ್ಟನ್ ಮೋಟಾರ್ ಸೈಕಲ್ಲನ್ನು ಗಂಟೆಗೆ 100 ಮೈಲಿಗೂ ಮಿಗಿಲಾದ ವೇಗದಲ್ಲಿ ಒಂದು ಸುತ್ತು ಓಡಿಸಿ ಅವರು ಚಿನ್ನದ ನಕ್ಷತ್ರದ ಪದಕ ಗೆದ್ದರು. ಆ ಪದಕ ಪಡೆದ ಮಹಿಳೆಯರು ಕೇವಲ ಮೂವರು. ಮುಂದೆ ತಮ್ಮನ್ನು ವರಿಸಲು ಬಂದ ಜಾರ್ಜ್ ನೇಲರ್ ಕೂಡ ಅದೇ ಪದಕ ಗೆದ್ದು ಬರಲಿ, ಆಮೇಲೆ ಮದುವೆ ಎಂದು ಷರತ್ತು ಹಾಕಿದರೆಂಬ ಕಥೆ ಇಂದಿಗೂ ಪ್ರಚಲಿತ. ಕಥೆ ಎಷ್ಟು ನಿಜವೋ, ನೇಲರ್ ಪದಕ ಗೆದ್ದದ್ದಂತೂ ನಿಜ. 1938ರಲ್ಲಿ ಇಬ್ಬರ ಮದುವೆಯಾಯಿತು.

ಅಷ್ಟರಲ್ಲಿ ಆಕೆ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದ್ದರು. 1936ರಲ್ಲಿ ಅಲ್ಲಿ ಸಿಕ್ಕ ಮೊದಲ ಕೆಲಸ ತಾಂತ್ರಿಕ ಕೈಪಿಡಿಗಳನ್ನು ಬರೆಯುವುದು. ವೇಗದ ಎಂಜಿನ್ನುಗಳನ್ನು ಸ್ವತಃ ಪಳಗಿಸಿದವರನ್ನು ಕಾಗದ-ಲೇಖನಿಯ ಮುಂದೆ ಕೂರಿಸಿದ್ದು ಆ ಕಾಲದ ಬುದ್ಧಿ. ಆದರೆ ಬಹುಕಾಲ ಅಲ್ಲಿ ಇರಿಸಲಾಗಲಿಲ್ಲ. ಎಂಜಿನ್ ವಿಭಾಗಕ್ಕೆ ಬಂದ ಶಿಲ್ಲಿಂಗ್ ಕಾರ್ಬ್ಯುರೇಟರ್ ಸಂಶೋಧನೆಯ ಹೊಣೆ ಹೊತ್ತರು.

1940ರಲ್ಲಿ ಯುದ್ಧ ಬ್ರಿಟನ್ನಿನ ಆಕಾಶಕ್ಕೇ ಬಂತು. ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಹೃದಯ ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್. ಅದಕ್ಕೆ ಇಂಧನ ಉಣಿಸುತ್ತಿದ್ದುದು ಎಸ್‌ಯು ಹೆಸರಿನ ಕಾರ್ಬ್ಯುರೇಟರ್. ಎದುರಾಳಿ ಮೆಸ್ಸರ್‌ಸ್ಮಿಟ್ 109 ವಿಮಾನದ ಡೈಮ್ಲರ್-ಬೆಂಝ್ ಎಂಜಿನ್ನಿಗೆ ಕಾರ್ಬ್ಯುರೇಟರೇ ಇರಲಿಲ್ಲ. ಅಲ್ಲಿ ಇಂಧನ ನೇರವಾಗಿ ಸಿಲಿಂಡರಿಗೆ ಚಿಮ್ಮುತ್ತಿತ್ತು. ರೋಲ್ಸ್ ರಾಯ್ಸ್ ಎಂಜಿನಿಯರರು ಅರಿಯದೆ ಕಾರ್ಬ್ಯುರೇಟರನ್ನು ಆರಿಸಿಕೊಂಡಿರಲಿಲ್ಲ. ಪೆಟ್ರೋಲ್ ಆವಿಯಾಗುವಾಗ ಒಳಬರುವ ಗಾಳಿ ತಣ್ಣಗಾಗಿ ಸಾಂದ್ರವಾಗುತ್ತದೆ, ಅದರಿಂದ ಹೆಚ್ಚಿನ ಶಕ್ತಿ ದೊರೆಯುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯೇ, ಆದರೆ ಅದರ ಬೆಲೆಯನ್ನು ತೆರಬೇಕಾದವರು ಪೈಲಟ್‌ಗಳು.

ರಸ್ತೆಯ ಹಂಪ್ ಮೇಲೆ ವೇಗವಾಗಿ ಹಾರಿದ ಬಸ್ಸಿನ ಹಿಂಬದಿಯ ಸೀಟಿನಲ್ಲಿ ಕುಳಿತವರಿಗೆ ದೇಹ ಒಂದು ಕ್ಷಣ ತೂಕ ಕಳೆದುಕೊಂಡು ಮೇಲೇಳುವ ಅನುಭವ ಗೊತ್ತು. ವಿಮಾನದ ಮೂತಿಯನ್ನು ಥಟ್ಟನೆ ಕೆಳಗೆ ಒತ್ತಿದಾಗ ಆಗುವುದೂ ಅದೇ. ಆಗ ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಲ್ಲಿದ್ದ ಪೆಟ್ರೋಲ್ ತಳ ಬಿಟ್ಟು ಮೇಲಕ್ಕೆ ನುಗ್ಗುತ್ತಿತ್ತು. ಎಂಜಿನ್ನಿಗೆ ಕ್ಷಣಕಾಲ ಇಂಧನವಿಲ್ಲ, ಅದು ಕೆಮ್ಮುತ್ತಿತ್ತು. ನಿಜವಾದ ಅಪಾಯ ಶುರುವಾಗುತ್ತಿದ್ದುದು ಅದರ ಬೆನ್ನಿಗೇ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಮೇಲೇರಿದಾಗ ನಲ್ಲಿ ಮುಚ್ಚುವಂತೆ, ಕಾರ್ಬ್ಯುರೇಟರಿನಲ್ಲೂ ಒಂದು ತೇಲು ಸೂಜಿಕವಾಟವನ್ನು ಕಾಯುತ್ತದೆ. ದ್ರವವೇ ಮೇಲೆ ಹೋದಾಗ ತೇಲು ಕೆಳಗಿಳಿದು ಕವಾಟ ಪೂರ್ತಿ ತೆರೆದುಕೊಳ್ಳುತ್ತಿತ್ತು. ಎಂಜಿನ್ನಿನ ಅಗತ್ಯಕ್ಕಿಂತ ಬಹಳ ಹೆಚ್ಚು ತಳ್ಳಬಲ್ಲ ಪಂಪು ತನ್ನೆಲ್ಲ ಬಲದಿಂದ ಪೆಟ್ರೋಲ್ ಸುರಿಯುತ್ತಿತ್ತು. ತೊಟ್ಟಿ ತುಂಬಿ ಹರಿದು, ಮಿಶ್ರಣ ಅತಿಯಾಗಿ, ಎಂಜಿನ್ ಕಪ್ಪು ಹೊಗೆ ಉಗುಳಿ ಸೊರಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು.

ಜರ್ಮನ್ ಪೈಲಟ್ ಬೆನ್ನಟ್ಟಿ ಬಂದವನಿಂದ ತಪ್ಪಿಸಿಕೊಳ್ಳಲು ಮೂತಿ ತಗ್ಗಿಸಿ ಧುಮುಕಿದರೆ ಸಾಕಿತ್ತು. ಹಿಂಬಾಲಿಸುವ ಸ್ಪಿಟ್‌ಫೈರ್ ಮೊದಲು ಅರ್ಧ ಉರುಳಿ, ಹೊಟ್ಟೆ ಮೇಲಾಗಿಸಿ, ಆನಂತರ ಇಳಿಯಬೇಕು. ಅಷ್ಟರಲ್ಲಿ ಬೇಟೆ ದೂರ. ತಾನೇ ಬೇಟೆಯಾದವನಿಗಂತೂ ಆ ಕೆಲವು ಕ್ಷಣಗಳು ಬದುಕು-ಸಾವಿನ ನಡುವಿನ ಅಂತರ.

ಸರಿಯಾದ ಪರಿಹಾರ ಹೊಸ ಬಗೆಯ ಕಾರ್ಬ್ಯುರೇಟರ್. ಅದಕ್ಕೆ ಸಮಯ ಬೇಕಿತ್ತು, ಸಮಯವೇ ಇರಲಿಲ್ಲ. ಶಿಲ್ಲಿಂಗ್ ಅವರ ಆಲೋಚನೆ ಇನ್ನೊಂದು ತುದಿಯಿಂದ ಹೊರಟಿತು. ಪೆಟ್ರೋಲ್ ಮೇಲೇರುವುದನ್ನು ತಡೆಯಲಾಗದಿದ್ದರೆ ಬೇಡ, ಪಂಪಿನ ಅತ್ಯುತ್ಸಾಹವನ್ನಾದರೂ ತಡೆಯಬಹುದಲ್ಲವೇ? ಪೂರ್ಣ ಶಕ್ತಿಯಲ್ಲಿ ಓಡುವ ಮರ್ಲಿನ್ನಿಗೆ ಗರಿಷ್ಠ ಎಷ್ಟು ಇಂಧನ ಬೇಕೋ ಅಷ್ಟು ಮಾತ್ರ ಹರಿಯಗೊಡುವ ರಂಧ್ರವುಳ್ಳ ಹಿತ್ತಾಳೆಯ ತುಣುಕೊಂದನ್ನು ಇಂಧನದ ಕೊಳವೆಯಲ್ಲಿ ಕೂರಿಸಿದರು. ಮೊದಲಿಗೆ ಅದು ದರ್ಜಿಯ ಬೆರಳ ಟೋಪಿಯ ಆಕಾರದಲ್ಲಿತ್ತು, ಮುಂದೆ ಬರಿಯ ವಾಷರಿನಂತಾಯಿತು. ಕವಾಟ ಎಷ್ಟೇ ಬಾಯ್ತೆರೆದರೂ ತೊಟ್ಟಿ ಇನ್ನು ಉಕ್ಕುವಂತಿಲ್ಲ. ಮೊದಲ ಕ್ಷಣದ ಕೆಮ್ಮು ಪೂರ್ತಿ ಹೋಗಲಿಲ್ಲ, ತಲೆಕೆಳಗಾಗಿ ಬಹುಹೊತ್ತು ಹಾರುವುದೂ ಸಾಧ್ಯವಾಗಲಿಲ್ಲ. ಆದರೆ ಪ್ರಾಣಕ್ಕೆ ಎರವಾಗುತ್ತಿದ್ದ ಆ ಉಸಿರುಕಟ್ಟು ನಿಂತಿತು.

ಈ ಬಿಲ್ಲೆಯ ಹಿರಿಮೆ ಅದರ ಸರಳತೆಯಲ್ಲಿದೆ. ವಿಮಾನವನ್ನು ಕಾರ್ಖಾನೆಗೆ ಕಳಿಸಬೇಕಿರಲಿಲ್ಲ, ವಾಯುನೆಲೆಯಲ್ಲೇ ಜೋಡಿಸಬಹುದಿತ್ತು. ಶಿಲ್ಲಿಂಗ್ ಸಣ್ಣ ತಂಡವೊಂದರೊಡನೆ ನೆಲೆಯಿಂದ ನೆಲೆಗೆ ತಿರುಗಿದರು, ತಾವು ಮಾತ್ರ ಹಳೆಯ ನಾರ್ಟನ್ ಏರಿ. 1941ರ ಮಾರ್ಚ್ ಹೊತ್ತಿಗೆ ಫೈಟರ್ ದಳಗಳಲ್ಲೆಲ್ಲ ಅದು ಬಂದಿತ್ತು. ಬ್ರಿಟನ್ ಕದನವನ್ನು ಗೆಲ್ಲಿಸಿದ್ದೇ ಈ ಬಿಲ್ಲೆ ಎಂದು ಕೆಲವೆಡೆ ಬರೆಯುವುದುಂಟು. ಅದು ಸರಿಯಲ್ಲ, ಆ ಕದನ 1940ರ ಅಕ್ಟೋಬರಿಗೇ ಮುಗಿದಿತ್ತು. ಅದಾದ ಮೇಲೂ ವರ್ಷಗಟ್ಟಲೆ ನಡೆದ ವಾಯುಯುದ್ಧದಲ್ಲಿ, ಒತ್ತಡದ ಹೊಸ ಕಾರ್ಬ್ಯುರೇಟರುಗಳು 1943ರಲ್ಲಿ ಬರುವವರೆಗೆ ಪೈಲಟ್‌ಗಳು ಇದನ್ನೇ ನೆಚ್ಚಿದ್ದರು. ಸೈನಿಕರು ಈ ರಂಧ್ರಕ್ಕೆ ಮಿಸ್ ಶಿಲ್ಲಿಂಗ್ ಹೆಸರು ಸೇರಿಸಿ ತುಂಟ ಅಡ್ಡಹೆಸರೊಂದನ್ನು ಇಟ್ಟರು. ಆಕೆ ಆಗ ವಿವಾಹಿತೆಯಾಗಿ ಎರಡು ವರ್ಷ ಕಳೆದಿತ್ತು. ಪತಿ ನೇಲರ್ ಬಾಂಬರ್ ವಿಮಾನದ ಪೈಲಟ್ ಆಗಿ ಯುದ್ಧದಲ್ಲಿ ಪಾಲ್ಗೊಂಡರು.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರದ ಒಬಿಇ ಗೌರವ ಸಂದಿತು. ಬ್ಲೂ ಸ್ಟ್ರೀಕ್ ಕ್ಷಿಪಣಿ, ಒದ್ದೆ ರನ್‌ವೇಯಲ್ಲಿ ವಿಮಾನದ ಚಕ್ರಗಳ ಹಿಡಿತ ಹೀಗೆ ನಾನಾ ವಿಷಯಗಳಲ್ಲಿ ದುಡಿದರು. ಆದರೆ ಸಂಸ್ಥೆಯ ಅತ್ಯುನ್ನತ ಪೀಠಗಳು ಗಂಡಸರಿಗೇ ಮೀಸಲಾಗಿದ್ದವು, ಅವು ಆಕೆಗೆ ದಕ್ಕಲಿಲ್ಲ. 1969ರಲ್ಲಿ ನಿವೃತ್ತರಾದಾಗ ಅಲ್ಲಿ ಮೂವತ್ತಮೂರು ವರ್ಷ ಕಳೆದಿದ್ದವು. ಅದೇ ವರ್ಷ ಸರ್ರೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು.

ಸ್ಪರ್ಧೆಯ ಗೀಳು ಮಾತ್ರ ಮಾಸಲಿಲ್ಲ. ಬ್ರೂಕ್‌ಲ್ಯಾಂಡ್ಸ್ ಯುದ್ಧದೊಡನೆ ಮುಚ್ಚಿದ ಮೇಲೆ ದಂಪತಿ ಕಾರಿನತ್ತ ಹೊರಳಿದರು. 1959ರಿಂದ ಕೆಲ ವರ್ಷ, ಐವತ್ತು ದಾಟಿದ ವಯಸ್ಸಿನಲ್ಲಿ, ಶಿಲ್ಲಿಂಗ್ ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಸ್ಪರ್ಧಿಸಿದರು. ಕಾರ್ಖಾನೆಯಿಂದ ಹೊರಬರುವಾಗ ಸ್ಪ್ರೈಟ್ ಹೊತ್ತು ತರುತ್ತಿದ್ದುದು ಅದೇ ಎಸ್‌ಯು ಹೆಸರಿನ ಎರಡು ಕಾರ್ಬ್ಯುರೇಟರುಗಳನ್ನು. 1967ರಲ್ಲಿ ಅಮೆರಿಕದ ಡ್ಯಾನ್ ಗರ್ನಿಯವರ ಈಗಲ್ ರೇಸ್ ಕಾರು ಅತಿಯಾಗಿ ಕಾಯುತ್ತಿದ್ದಾಗ ಅದರ ಚಿಕಿತ್ಸೆಗೂ ದಂಪತಿಯನ್ನು ಕರೆಸಿಕೊಳ್ಳಲಾಯಿತು.

ಸ್ಪ್ರೈಟ್‌ನಂತಹ ಹಳೆಯ ಕಾರುಗಳಿಗೆ ಬಲವಾದ ವಿದ್ಯುತ್ ಪಂಪು ಕೂರಿಸುವವರು ಎದುರಿಸುವುದು ಫಾರ್ನ್‌ಬರೋದ ಅದೇ ಸಮಸ್ಯೆಯನ್ನು. ಇಂತಹ ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ ಸುಮಾರು 3 ಪೌಂಡ್ ಒತ್ತಡ ಸಾಕು. ಇಂಜೆಕ್ಷನ್ ಎಂಜಿನ್ನಿನ ಪಂಪು 40 ಪೌಂಡ್ ಆಸುಪಾಸು ಒತ್ತುತ್ತದೆ. ಅದನ್ನು ತಂದು ಜೋಡಿಸಿದರೆ ಸೂಜಿಕವಾಟ ತಾಳದೆ ಪೆಟ್ರೋಲ್ ಉಕ್ಕಿ, ಕಾದ ಎಂಜಿನ್ ಮೇಲೆ ತೊಟ್ಟಿಕ್ಕಿ ಬೆಂಕಿಗೆ ದಾರಿಯಾಗುತ್ತದೆ. ಆದುದರಿಂದಲೇ ಬಲ್ಲ ಮೆಕ್ಯಾನಿಕ್ಕುಗಳು ಕಡಿಮೆ ಒತ್ತಡದ ಪಂಪನ್ನೇ ಆರಿಸುತ್ತಾರೆ, ಇಲ್ಲವೇ ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ಒತ್ತಡ ನಿಯಂತ್ರಕವೊಂದನ್ನು ಇಡುತ್ತಾರೆ.

ಬಿಯಾಟ್ರಿಸ್ ಶಿಲ್ಲಿಂಗ್ 1990ರ ನವೆಂಬರ್ 18ರಂದು, ತಮ್ಮ 81ನೆಯ ವಯಸ್ಸಿನಲ್ಲಿ ನಿಧನರಾದರು.