ಬಣ್ಣ ಬೇರೆ ಮಾಡಿದ ತ್ಸ್ವೆಟ್

ಕಾಮರ್ಸ್ ಓದುವವರಿಗೆ ಸಸ್ಯಶಾಸ್ತ್ರಜ್ಞನ ಗೊಡವೆ ಯಾಕಪ್ಪಾ ಅಂತ ಕೇಳಬೇಡಿ. 2015ರ ಜೂನ್ ತಿಂಗಳಲ್ಲಿ ನಮ್ಮ ಮುಂಬಯಿಯ ಮಾಲವಣಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದ ವಿಷ ಮೆಥನಾಲ್. ಅದೂ ನೀರಿನ ಹಾಗೆ ತಿಳಿ, ಕುಡಿಯುವ ಮದ್ಯದ ಎಥನಾಲೂ ನೀರಿನ ಹಾಗೆ ತಿಳಿ. ತೇಲಿಬಿಟ್ಟು ಅಳೆಯುವ ಹೈಡ್ರೋಮೀಟರಿಗೆ ಇವೆರಡರ ಭೇದ ತಿಳಿಯದು. ಭೇದ ಹೇಳುವುದು ಗ್ಯಾಸ್ ಕ್ರೊಮಟೋಗ್ರಫಿ ಎಂಬ ಯಂತ್ರವಿದ್ಯೆ. ಆ ವಿದ್ಯೆಯ ಮೂಲಪುರುಷ ಮಿಖಾಯಿಲ್ ತ್ಸ್ವೆಟ್.

ಈತ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದವರು, ತಾಯಿ ಇಟಲಿಯವರು. ಹೆತ್ತ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಹುಡುಗ ಬೆಳೆದದ್ದು, ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ. 1896ರಲ್ಲಿ ಜಿನೀವಾದ ಡಾಕ್ಟರೇಟ್ ಹಿಡಿದು ರಷ್ಯಕ್ಕೆ ಹೋದರೆ ಅಲ್ಲಿ ಆ ಪದವಿಗೆ ಬೆಲೆಯೇ ಇಲ್ಲ! ಮತ್ತೆ ಮೊದಲಿನಿಂದ ಓದಿ, 1901ರಲ್ಲಿ ಕಜಾನ್‌ನಲ್ಲಿ ಮಾಸ್ಟರ್ ಪದವಿ ಪಡೆದು, ವಾರ್ಸಾ ವಿಶ್ವವಿದ್ಯಾಲಯದಲ್ಲಿ ಸಣ್ಣ ಕೆಲಸಕ್ಕೆ ಸೇರಿದ.

ಎಲೆಯ ಹಸಿರು ಒಂದೇ ಬಣ್ಣವೋ, ಹಲವು ಬಣ್ಣಗಳ ಬೆರಕೆಯೋ ಎಂಬುದು ಆತನ ಪ್ರಶ್ನೆ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ನುಣ್ಣನೆ ಪುಡಿ ತುಂಬಿ, ಮೇಲಿನಿಂದ ಎಲೆಯ ಬಣ್ಣದ ದ್ರಾವಣ ಸುರಿದ. ಆಮೇಲೆ ಬರೀ ದ್ರಾವಕ ಸುರಿಯುತ್ತಾ ಹೋದ. ಹಸಿರು, ಹಳದಿ ಪಟ್ಟೆಗಳು ಬೇರೆಬೇರೆಯಾಗಿ ಇಳಿದವು. ಜಾತ್ರೆಗೆ ಹೊರಟವರಲ್ಲಿ ಕಂಡಕಂಡ ಅಂಗಡಿ ಮುಂದೆ ನಿಲ್ಲುವವರು ಹಿಂದೆ ಬೀಳ್ತಾರೆ, ನೆಟ್ಟಗೆ ನಡೆಯುವವರು ಮೊದಲು ಗುಡಿ ಸೇರ್ತಾರೆ. ಇಲ್ಲೂ ಅಷ್ಟೇ. ಪುಡಿಗೆ ಹೆಚ್ಚು ಅಂಟುವ ಬಣ್ಣ ನಿಧಾನ, ಅಂಟದ ಬಣ್ಣ ವೇಗ.

1903ರಲ್ಲಿ ಇದನ್ನು ವಾರ್ಸಾದಲ್ಲಿ ಭಾಷಣ ಮಾಡಿ ತಿಳಿಸಿದ. ಅದು ರಷ್ಯನ್ ಭಾಷೆಯಲ್ಲಿತ್ತು, ಹೊರಗಿನವರು ಓದಲಿಲ್ಲ. 1906ರಲ್ಲಿ ಜರ್ಮನ್ ಭಾಷೆಯಲ್ಲೇ ಬರೆದು ಕ್ರೊಮಟೋಗ್ರಫಿ ಎಂದು ಹೆಸರಿಟ್ಟ. ಆಗಲೂ ದೊಡ್ಡವರು ನಂಬಲಿಲ್ಲ. ಹಸಿರಿನ ಸಂಶೋಧನೆಗೆ 1915ರ ನೊಬೆಲ್ ಪಡೆದ ವಿಲ್‌ಸ್ಟೆಟರ್ ಕೂಡ ಅನುಮಾನಪಟ್ಟರು. ಆಮೇಲೆ ಬಂತು ಮಹಾಯುದ್ಧ. ತ್ಸ್ವೆಟ್ ವಾರ್ಸಾ ಬಿಟ್ಟು ಊರೂರು ಅಲೆಯಬೇಕಾಯಿತು. 1917ರಲ್ಲಿ ಯೂರಿಯೆವ್‌ನಲ್ಲಿ ಪ್ರೊಫೆಸರ್ ಆದರೂ ಅಲ್ಲಿಗೂ ಜರ್ಮನ್ ಸೈನ್ಯ ಬಂತು. 1919ರಲ್ಲಿ, 47ನೆಯ ವಯಸ್ಸಿಗೆ, ವೊರೊನೆಷ್‌ನಲ್ಲಿ ಕಣ್ಣು ಮುಚ್ಚಿದ.

ಮುಂದೆ ನೋಡಿ ವಿಚಿತ್ರ. ತ್ಸ್ವೆಟ್‌ನ ರಷ್ಯನ್ ಪುಸ್ತಕವನ್ನು ವಿಲ್‌ಸ್ಟೆಟರ್ ತಮಗಾಗಿ ಜರ್ಮನ್‌ಗೆ ಅನುವಾದ ಮಾಡಿಸಿ ಇಟ್ಟುಕೊಂಡಿದ್ದರು. ಅದು ಶಿಷ್ಯ ಕೂನ್ ಕೈಗೆ ಬಂತು. 1931ರಲ್ಲಿ ಕೂನ್ ಬಳಗದ ಲೆಡರರ್ ಅದನ್ನು ಓದಿ ಪ್ರಯೋಗ ಮಾಡಿದರೆ, ಹಳದಿ ಬಣ್ಣಗಳು ಹೇಳಿದಂತೆಯೇ ಬೇರೆಯಾದವು! ಅಲ್ಲಿಂದ ಈ ವಿದ್ಯೆ ಜಗತ್ತಿಗೆಲ್ಲ ಹಬ್ಬಿತು. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ದ್ರಾವಕದ ಬದಲು ಅನಿಲ ಹರಿಸುವ ಗ್ಯಾಸ್ ಕ್ರೊಮಟೋಗ್ರಫಿಯನ್ನು ಪ್ರಕಟಿಸಿದರು.

ಈಗ ಮದ್ಯದ ಲೆಕ್ಕ ಹೀಗೆ. ಒಂದು ಹನಿಯನ್ನು ಬಿಸಿಯಲ್ಲಿ ಆವಿ ಮಾಡಿ, ಹೀಲಿಯಂ ಅಥವಾ ನೈಟ್ರೋಜನ್ ಜೊತೆ ಉದ್ದನೆಯ ಸಣ್ಣ ಕೊಳವೆಯಲ್ಲಿ ಓಡಿಸುತ್ತಾರೆ. ಮೆಥನಾಲ್ ಮೊದಲು, ಎಥನಾಲ್ ಆಮೇಲೆ ಹೊರಬಂದು ಕಾಗದದ ಮೇಲೆ ಬೇರೆಬೇರೆ ಶಿಖರ ಮೂಡುತ್ತದೆ. ಶಿಖರದ ವಿಸ್ತೀರ್ಣವೇ ಪ್ರಮಾಣ. ಗೊತ್ತಿರುವಷ್ಟು ಪ್ರೊಪನಾಲನ್ನು ಮೊದಲೇ ಬೆರೆಸಿ ಅದರೊಂದಿಗೆ ತಾಳೆ ನೋಡುತ್ತಾರೆ. ಹನಿ ಕೊಂಚ ಹೆಚ್ಚುಕಡಿಮೆಯಾದರೂ ಅನುಪಾತ ಕೆಡದು. ನಮ್ಮ ಆಡಿಟಿನ ತಾಳೆ ಇದ್ದ ಹಾಗೇ ಅಲ್ವೆ?

ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಅಂದರೆ ಬಣ್ಣ ಅಂತ ಅರ್ಥ. ಬಣ್ಣವೇ ಇಲ್ಲದ ವಿಷವನ್ನೂ ಆತನ ವಿದ್ಯೆ ಇವತ್ತು ಹಿಡಿದುಕೊಡುತ್ತಿದೆ. ಆತ ಬದುಕಿದ್ದಾಗ ಅದಕ್ಕೆ ಸಿಗದ ಮನ್ನಣೆಯನ್ನು ನಾವಾದರೂ ಹೆಸರು ನೆನೆದು ಕೊಡೋಣ.