ಗಾಯ ಮಾಡುವಷ್ಟು ಪ್ರೀತಿಸಿದ ಸ್ನೇಹಿತರು: ವಿಲ್ಬರ್‌ಫೋರ್ಸ್ ಜೀವನ

ಎಲ್ಲರೂ ಜ್ಞಾನೋಕ್ತಿಗಳು 27ನೇ ಅಧ್ಯಾಯ ತೆರೆದಿಟ್ಟುಕೊಳ್ಳಿ. ಪ್ರೀತಿಸುವವನು ಮಾಡುವ ಗಾಯದ ಬಗ್ಗೆ 6ನೇ ವಚನ ಮಾತಾಡುತ್ತೆ. ಇವತ್ತು ನಾನು ಆ ವಚನವನ್ನು ಬಿಡಿಸಿ ವಿವರಿಸೋಕೆ ಹೋಗಲ್ಲ. ಅಂಥ ಗಾಯಗಳನ್ನು ತಿಂದೇ ಬೆಳೆದ ಒಬ್ಬ ಮನುಷ್ಯನ ಜೀವನ ಹೇಳ್ತೀನಿ.

ವಿಲಿಯಂ ವಿಲ್ಬರ್‌ಫೋರ್ಸ್. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದವರು ಅಂತ ಕೇಳಿರ್ತೀರಿ. 1759ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ, ಶ್ರೀಮಂತ ವ್ಯಾಪಾರಿ ಮನೆತನದಲ್ಲಿ ಹುಟ್ಟಿದವರು. ಒಂಬತ್ತನೇ ವರ್ಷಕ್ಕೆ ತಂದೆ ತೀರಿಕೊಂಡರು. ಹುಡುಗ ದೊಡ್ಡಪ್ಪ ದೊಡ್ಡಮ್ಮನ ಮನೆ ಸೇರಿದ. ಅವರು ಭಕ್ತರು. ಜಾನ್ ನ್ಯೂಟನ್ ಅನ್ನೋ ದೇವಸೇವಕರನ್ನು ಹುಡುಗ ಮೊದಲು ಕಂಡದ್ದು ಅವರ ಮೂಲಕವೇ. ಮಗ ಅತಿಯಾದ ಭಕ್ತಿಗೆ ಬೀಳ್ತಾನೆ ಅಂತ ತಾಯಿಗೆ ಭಯ ಆಯ್ತು, ವಾಪಸ್ ಕರೆದುಕೊಂಡು ಹೋದರು. ಆಮೇಲೆ ಕೇಂಬ್ರಿಡ್ಜ್, ಪಾರ್ಟಿ, ಇಸ್ಪೀಟು, ಲಂಡನ್ನಿನ ಕ್ಲಬ್ಬುಗಳು. 21ನೇ ವಯಸ್ಸಿಗೆ ಪಾರ್ಲಿಮೆಂಟ್ ಸದಸ್ಯ. ಆಪ್ತ ಗೆಳೆಯ ಯಾರು ಗೊತ್ತಾ? 24ನೇ ವಯಸ್ಸಿಗೇ ಪ್ರಧಾನಿಯಾದ ವಿಲಿಯಂ ಪಿಟ್. ಕಾಂಟ್ಯಾಕ್ಟ್ಸ್ ಅಂದ್ರೆ ಹಾಗಿರಬೇಕು, ಅಲ್ವಾ?

1784ರಲ್ಲಿ ವಿಲ್ಬರ್‌ಫೋರ್ಸ್ ಫ್ರಾನ್ಸ್ ಕಡೆಗೆ ಪ್ರವಾಸ ಹೊರಟರು. ಜೊತೆಗೆ ಬಾ ಅಂತ ಒಬ್ಬ ಗೆಳೆಯನನ್ನು ಕರೆದರು, ಆತ ಒಪ್ಪಲಿಲ್ಲ. ಆ ಖಾಲಿ ಸೀಟಿಗೆ ಬಂದವರು ಐಸಾಕ್ ಮಿಲ್ನರ್, ಕೇಂಬ್ರಿಡ್ಜಿನ ದೊಡ್ಡ ಗಣಿತಜ್ಞ. ದಾರಿಯಲ್ಲಿ ವಿಲ್ಬರ್‌ಫೋರ್ಸ್ ಭಕ್ತರನ್ನು ಲೇವಡಿ ಮಾಡಿದಾಗ ಮಿಲ್ನರ್ ಸುಮ್ಮನೆ ನಗಲಿಲ್ಲ. ಸೀರಿಯಸ್ ಆಗಿ ಮಾತಾಡೋದಾದ್ರೆ ಮಾತಾಡೋಣ ಅಂತ ಎದುರು ನಿಂತರು. ಇಬ್ಬರೂ ಸೇರಿ ಫಿಲಿಪ್ ಡಾಡ್ರಿಡ್ಜ್ ಬರೆದ ಒಂದು ಪುಸ್ತಕ ಓದಿದರು. ಮುಂದಿನ ವರ್ಷದ ಪ್ರವಾಸದಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಓದಿದರು. 1785ರ ಚಳಿಗಾಲ ಬರುವಷ್ಟರಲ್ಲಿ ವಿಲ್ಬರ್‌ಫೋರ್ಸ್ ಪಾಪದ ಅರಿವಿನಲ್ಲಿ ಕುಗ್ಗಿಹೋಗಿದ್ದರು. ಹೊರಗಿನವರಿಗೆ ಇದೇನೂ ಗೊತ್ತಿಲ್ಲ. ಒಳಗೆ ಒಂದೇ ಪ್ರಶ್ನೆ. ರಾಜಕೀಯ ಬಿಟ್ಟುಬಿಡಲಾ?

ಇಲ್ಲಿ ಸ್ವಲ್ಪ ನಿಲ್ತೀನಿ. ಯಾಕಂದ್ರೆ ಈ ಪ್ರಶ್ನೆ ಇಟ್ಟುಕೊಂಡು ನನ್ನ ಹತ್ತಿರ ಬರುವ ಯೌವನಸ್ಥರು ಬಹಳ. ಆಫೀಸ್ ಬಿಟ್ಟು ಸೇವೆಗೆ ಬರಲಾ, ಫ್ರೆಂಡ್ಸ್‌ನೆಲ್ಲ ಬಿಡಲಾ ಅಂತ. ಎಷ್ಟೋ ಜನ ರಾಜೀನಾಮೆ ಕೊಟ್ಟಾದ ಮೇಲೆ ಕೇಳೋಕೆ ಬರ್ತಾರೆ! ವಿಲ್ಬರ್‌ಫೋರ್ಸ್ ಮೊದಲೇ ಕೇಳಿದರು. ಪಿಟ್‌ಗೆ ಪತ್ರ ಬರೆದು ತನ್ನ ಮನಸ್ಸನ್ನು ಬಿಚ್ಚಿಟ್ಟರು. ಪಿಟ್ ಮನೆಗೇ ಬಂದು ಎರಡು ಗಂಟೆ ಕೂತು ಮಾತಾಡಿದರು. ಆ ಭಕ್ತಿ ಪಿಟ್‌ಗೆ ಅರ್ಥವಾಗಲಿಲ್ಲ, ವಾದದಿಂದ ಅಲುಗಾಡಿಸೋಕೂ ನೋಡಿದರು, ಆದರೆ ಸ್ನೇಹ ಮಾತ್ರ ಬಿಡಲಿಲ್ಲ.

ಆಮೇಲೆ ನ್ಯೂಟನ್‌ಗೆ ಒಂದು ಗುಟ್ಟಿನ ಪತ್ರ. ತಾನು ಬರುವುದು ಯಾರಿಗೂ ತಿಳಿಯಬಾರದು ಅಂತ ಕೇಳಿಕೊಂಡರು. ಡಿಸೆಂಬರ್ 7ಕ್ಕೆ ಲಂಡನ್ನಿನ ಹಾಕ್ಸ್‌ಟನ್‌ನಲ್ಲಿದ್ದ ನ್ಯೂಟನ್ ಅವರ ಮನೆಗೆ ಹೋದವರು ತಕ್ಷಣ ಬಾಗಿಲು ತಟ್ಟಲಿಲ್ಲ. ಧೈರ್ಯ ಸಾಲದೆ ಆ ಚೌಕವನ್ನು ಒಂದೆರಡು ಸುತ್ತು ಹಾಕಿದರು. 26 ವರ್ಷದ ಎಂಪಿ, ಪ್ರಧಾನಿಯ ಗೆಳೆಯ! ನಿಕೊದೇಮ ರಾತ್ರಿಯಲ್ಲಿ ಬಂದ ಹಾಗೆ ಅಂತ ನನಗನ್ನಿಸುತ್ತೆ. ಅದನ್ನು ಹೇಡಿತನ ಅಂತ ನಾನು ಹೇಳಲ್ಲ. ಕೊನೆಗೆ ಬಾಗಿಲು ತಟ್ಟಿದರಲ್ಲಾ, ಅದು ದೊಡ್ಡದು.

ಒಳಗೆ ಇದ್ದವರು ಎಂಥವರು? ನ್ಯೂಟನ್‌ಗೆ ಆಗ 60 ವರ್ಷ. ಒಂದು ಕಾಲದಲ್ಲಿ ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್. ಇಲ್ಲಿ ಒಂದು ಕಹಿ ಸತ್ಯ ಇದೆ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರ ಕಡೆಗೆ ತಿರುಗಿದ ಮೇಲೂ, 1750ರಿಂದ 1754ರವರೆಗೆ ಮೂರು ಸಲ ಮನುಷ್ಯರನ್ನು ತುಂಬಿಕೊಂಡು ಹಡಗು ನಡೆಸಿದರು. ಆಗ ತನ್ನ ಮನಸ್ಸಾಕ್ಷಿ ಚುಚ್ಚಲೇ ಇಲ್ಲ ಅಂತ ಅವರೇ ಮುಂದೆ ಒಪ್ಪಿಕೊಂಡರು. ಪ್ರಾರ್ಥನೆ ಇತ್ತು, ಬೈಬಲ್ ಇತ್ತು. ಇದು ತಪ್ಪು ಕಣಯ್ಯಾ ಅಂತ ಮುಖಕ್ಕೆ ಹೇಳುವ ಒಬ್ಬ ಗೆಳೆಯ ಇದ್ದಿದ್ದರೆ ಏನಾಗ್ತಿತ್ತು ಅಂತ ನಾನು ಯೋಚಿಸ್ತಾ ಇರ್ತೀನಿ.

ಅಂಥ ನ್ಯೂಟನ್ ಈ ಯೌವನಸ್ಥನಿಗೆ ಏನು ಹೇಳಿದರು? ಒಬ್ಬ ಬೋಧಕರಿಗೆ ಒಬ್ಬ ಎಂಪಿ ಸಿಕ್ಕಿದ್ದಾನೆ. ಎಲ್ಲ ಬಿಟ್ಟು ನನ್ನ ಜೊತೆ ಬಾ ಅಂದಿದ್ದರೆ ಬಂದೇ ಬಿಡ್ತಿದ್ದರು. ಹಾಗನ್ನಲಿಲ್ಲ. ಇರುವ ಜಾಗದಲ್ಲೇ ಇದ್ದು ದೇವರ ಸೇವೆ ಮಾಡು ಅನ್ನುವ ಕಡೆಗೇ ನಡೆಸಿದರು. ಅವಸರವಾಗಿ ಹೊಸ ಬಳಗ ಕಟ್ಟಿಕೊಳ್ಳಬೇಡ, ಹಳೇ ಸ್ನೇಹಿತರಿಂದ ದೂರ ಆಗಬೇಡ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದರು. ತನಗೆ ಲಾಭ ಇಲ್ಲದ ಸಲಹೆ, ಪ್ರಿಯರೇ! ನಿಮಗೆ ಸಲಹೆ ಕೊಡುವವರನ್ನು ಅಳೆಯೋಕೆ ನಾನು ಬಳಸೋ ಅಳತೆ ಕೋಲು ಇದೇ.

ವಿಲ್ಬರ್‌ಫೋರ್ಸ್ ಪಾರ್ಲಿಮೆಂಟ್‌ನಲ್ಲೇ ಉಳಿದರು. 1787ರಲ್ಲಿ ಗುಲಾಮರ ವ್ಯಾಪಾರದ ವಿಷಯ ಕೈಗೆತ್ತಿಕೋ ಅಂತ ಒತ್ತಾಯಿಸಿದವರಲ್ಲಿ ಅದೇ ಪಿಟ್ ಒಬ್ಬರು. ಮರುವರ್ಷ ನ್ಯೂಟನ್ ತನ್ನ ಹಳೇ ಪಾಪವನ್ನು ತಾನೇ ಪುಸ್ತಕ ಮಾಡಿ ಅಚ್ಚು ಹಾಕಿಸಿದರು, ಸರ್ಕಾರದ ವಿಚಾರಣೆ ಮುಂದೆ ಸಾಕ್ಷಿಯನ್ನೂ ಹೇಳಿದರು. 1791ರಲ್ಲಿ ಮೊದಲ ಸೋಲು: ಪರವಾಗಿ 88, ವಿರೋಧವಾಗಿ 163. ಆಮೇಲೂ ಸೋಲಿನ ಮೇಲೆ ಸೋಲು. 1796ರಲ್ಲಂತೂ ಬರೀ 4 ಮತಗಳಿಂದ.

ಒಬ್ಬರೇ ಇದ್ದಿದ್ದರೆ ಕೈಬಿಡ್ತಿದ್ದರೋ ಏನೋ. ಆದರೆ ಲಂಡನ್ ಹತ್ತಿರದ ಕ್ಲಾಪಮ್‌ನಲ್ಲಿ ಒಂದು ಗುಂಪು ಇತ್ತು. ಬ್ಯಾಂಕರ್ ಹೆನ್ರಿ ಥಾರ್ನ್‌ಟನ್, ಅಂಕಿ ಅಂಶ ಹುಡುಕಿ ತರುವ ಜಕಾರಿ ಮೆಕಾಲೆ, ವಕೀಲ ಜೇಮ್ಸ್ ಸ್ಟೀಫನ್. ಈ ಸ್ಟೀಫನ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿಯನ್ನು ಕಣ್ಣಾರೆ ಕಂಡವರು, ಸಿಟ್ಟಿನ ಮನುಷ್ಯ. ಗೆಳೆಯನ ಮೇಲಿನ ದಾಕ್ಷಿಣ್ಯಕ್ಕೆ ವಿಲ್ಬರ್‌ಫೋರ್ಸ್ ಪಿಟ್ ವಿಷಯದಲ್ಲಿ ಮೆತ್ತಗಾಗಿದ್ದಾರೆ ಅನ್ನಿಸಿದಾಗ, ಬಾಯಿ ಮುಚ್ಚಿಕೊಂಡಿದ್ದು ತಪ್ಪು ಅಂತ 1797ರಲ್ಲಿ ಖಾರವಾಗಿ ಪತ್ರ ಬರೆದರು. ನಾವಾದ್ರೆ ಬ್ಲಾಕ್ ಮಾಡಿಬಿಡ್ತಿದ್ವಿ. ಮೂರು ವರ್ಷದ ನಂತರ ವಿಲ್ಬರ್‌ಫೋರ್ಸ್ ಅವರ ಸ್ವಂತ ಸಹೋದರಿಯನ್ನೇ ಈ ಸ್ಟೀಫನ್ ಮದುವೆಯಾದರು. ಮುಂದೆ 1806ರಲ್ಲಿ ಆ ವ್ಯಾಪಾರದ ಬೆನ್ನೆಲುಬು ಮುರಿದ ಕಾನೂನಿನ ಯೋಜನೆ ಹೊಳೆದದ್ದೂ ಇದೇ ಸಿಟ್ಟಿನ ಮನುಷ್ಯನಿಗೆ!

1807ರ ಫೆಬ್ರವರಿ 23ರ ರಾತ್ರಿ ಮತ ಎಣಿಕೆ ಆಯ್ತು. 283 ಪರ, 16 ವಿರೋಧ. ವಿಲ್ಬರ್‌ಫೋರ್ಸ್ ಕೂತಲ್ಲೇ ಅತ್ತರು. ಪಿಟ್ ಹಿಂದಿನ ವರ್ಷವೇ ತೀರಿಹೋಗಿದ್ದರು. ಕಣ್ಣು ಮಂಜಾಗಿದ್ದ ಮುದುಕ ನ್ಯೂಟನ್ ಮಾತ್ರ ಆ ಕಾನೂನು ಬಂದದ್ದನ್ನು ಕೇಳುವವರೆಗೂ ಬದುಕಿದ್ದರು. ಅದೇ ವರ್ಷದ ಡಿಸೆಂಬರ್ 21ಕ್ಕೆ, 82ನೇ ವಯಸ್ಸಿನಲ್ಲಿ, ಕರ್ತನ ಬಳಿ ಸೇರಿದರು.

ಹಲ್ಲೆಲೂಯಾ. ಈಗ ಎದ್ದು ನಿಲ್ಲೋಣ. ಮ್ಯೂಸಿಕ್ ಟೀಮ್ ಸ್ವಲ್ಪ ಕಾಯಿರಿ. ಇವತ್ತು ನಾನು ಮುಂದೆ ನಿಂತು ನಿಮಗೋಸ್ಕರ ಪ್ರಾರ್ಥಿಸಲ್ಲ. ಇಬ್ಬಿಬ್ಬರಾಗಿ ತಿರುಗಿ ನಿಲ್ಲಿ. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿರುವ ಆ ಒಂದು ನಿರ್ಧಾರವನ್ನು ಎದುರಿಗಿರುವವರಿಗೆ ಹೇಳಿ. ಕೇಳುವವರೇ, ಅವಸರ ಬೇಡ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಒಬ್ಬರಿಗೊಬ್ಬರು ಪ್ರಾರ್ಥಿಸಿ. ನಮಗೆ ಹತ್ತು ನಿಮಿಷ ಇದೆ.